ಥಂಡಿ ಹೇಳೋ ಆ್ಯಪ್‌ಗಳ ರಿವ್ಯೂ, ದ್ರಾಕ್ಷಿ ಪಡಾದಿಂದ

ಮಳಿ ಹೇಳೋ ಆ್ಯಪ್‌ಗಳಿಗೆ ಎಲ್ಲಾರೂ ಸ್ಟಾರ್ ಕೊಡ್ತಾರ, ಬೈತಾರ, ಥಂಡಿ ಹೇಳೋದ್ರ ಬಗ್ಗೆ ಮಾತ್ರ ಯಾರೂ ಬರಿಯಂಗಿಲ್ಲ. ವಿಜಯಪುರ ಅಂದ್ರ ಬಿಸಲು, ಇಲ್ಲೇನ್ ಮಹಾ ಥಂಡಿ ಅಂತ ಬೆಂಗಳೂರಿನವ್ರು ನಗ್ತಾರ. ಡಿಸೆಂಬರ್ ತಿಂಗಳ ನಸಕಿನ್ಯಾಗ ಒಮ್ಮೆ ತಿಕೋಟಾ ಕಡೆ ಬೈಕ್ ಮ್ಯಾಲ ಬಂದು ನೋಡ್ರಿ, ಕೈಬೆರಳು ಬ್ರೇಕ್ ಹಿಡಿಯಂಗಿಲ್ಲ. ರಾಜ್ಯದಾಗ ನಿನ್ನಿ ಅತೀ ಕಡಿಮಿ ಉಷ್ಣಾಂಶ ಎಲ್ಲಿ ಅಂತ ಪೇಪರ್‌ನಾಗ ಬಂದಾಗ ಬಹಳ ಸಲ ಬೀದರ ಇಲ್ಲಾ ವಿಜಯಪುರ, ಇವೆರಡ್ರಾಗ ಒಂದು ಹೆಸರು ಇರ್ತದ.

ಮನಿಯಾಗ ಕುಂತವ್ರಿಗೆ ಒಂದು ಕೌದಿ ಜಾಸ್ತಿ ಹೊದ್ದ್ರ ಮುಗೀತು, ಪಡಾ (ದ್ರಾಕ್ಷಿ ತೋಟ) ಇದ್ದವ್ರಿಗೆ ಮುಗಿಯಂಗಿಲ್ಲ. ಅಕ್ಟೋಬರ್ ಚಾಟ್ನಿ ಮಾಡಿದ (ಟೊಂಗಿ ಕತ್ತರಿಸಿದ) ಗಿಡ ಡಿಸೆಂಬರ್, ಜನವರಿಯಾಗ ಕಾಯಿ ತುಂಬ್ಕೊಳ್ತಿರ್ತದ, ಅದೇ ಟೈಮಿಗೆ ರಾತ್ರಿ ಉಷ್ಣಾಂಶ 10 ಡಿಗ್ರಿ ಕೆಳಗ ಇಳೀತಂದ್ರ ಕಾಯಿ ಬೆಳಿಯೂದು ನಿಧಾನ ಆಗ್ತದ, ಸಿಹಿ ಏರೂದು ತಡಾ ಆಗ್ತದ, ಹಣ್ಣಾಗೋ ಹೊತ್ತಿನ್ಯಾಗ ಹಗಲು ಸುಡು ಬಿಸಲು ರಾತ್ರಿ ಕಡಕ್ ಥಂಡಿ ಅಂತ ಭಾಳ ಫರಕ ಬಿತ್ತಂದ್ರ ಹಸಿರು ಥಾಮ್ಸನ್ ಕಾಯಿ ಒಂದೊಂದು ಗುಲಾಬಿ ಬಣ್ಣಕ್ಕ ತಿರಗ್ತದ, ಆಮ್ಯಾಲ ವ್ಯಾಪಾರಿ ಬಂದು ಗೊನಿ ಎತ್ತಿ ನೋಡಿ ಮೋತಿ ಸಣ್ಣ ಮಾಡಿ ರೇಟ್ ಇಳಸ್ತಾನ. ಅದಕ್ಕ ನಮಗ ಥಂಡಿ ಯಾವತ್ತು ಬರ್ತದ, ಎಷ್ಟು ದಿನ ಇರ್ತದ, ಎಷ್ಟು ಇಳೀತದ, ಈ ಮೂರು ಮೊದ್ಲೇ ಗೊತ್ತಾಗಬೇಕು. ಗೊತ್ತಾದ್ರ ಸಂಜೀಕ ಡ್ರಿಪ್ ಬಿಟ್ಟು ನೆಲ ಹಸಿ ಇಡಬಹುದು (ಹಸಿ ನೆಲ ಹಗಲಿನ ಕಾವು ಹಿಡ್ಕೊಂಡು ರಾತ್ರಿ ಬಿಡ್ತದ), ಔಷಧ ಹೊಡಿಯೂದು ಹಿಂದ ಮುಂದ ಮಾಡಬಹುದು, ಡಿಪ್ಪಿಂಗ್‌ಗೆ (ಗೊನಿ ಔಷಧದಾಗ ಅದ್ದೂದಕ್ಕ) ಬರೋ ಆಳುಗಳಿಗೆ ಎರಡು ದಿನ ತಡೀರಿ ಅಂತ ಹೇಳಬಹುದು. ಹಣ್ಣು ಮಾಗಿದ ಮ್ಯಾಲ ನೀರು ಬಿಡೂದು ಬ್ಯಾರೆ ಕಥಿ, ಆಗ ಕಾಯಿ ಸೀಳೋ ಹೆದರಿಕಿ ಇರ್ತದ, ಅದನ್ನ ನಿಮ್ಮ ಸಲಹಾದವ್ರನ್ನ ಕೇಳ್ಕೊಂಡೇ ಮಾಡ್ರಿ.

ಮೊದಲು ದುಡ್ಡು ಕೊಟ್ಟಿದ್ದರ ಬಗ್ಗೆ. ಹೆಸರು ಹೇಳಂಗಿಲ್ಲ, ಕೆಳಗ ಕೇಳಬ್ಯಾಡ್ರಿ. ಪಡಾದಾಗ ಒಂದು ಕಂಬ ನಿಲ್ಲಿಸಿ ಅದಕ್ಕ ಉಷ್ಣಾಂಶದ್ದು, ಆರ್ದ್ರತೆದ್ದು, ಎಲಿ ಹಸಿ ಎಷ್ಟದ ಅಂತ ನೋಡೂದು, ಮಣ್ಣಿನ ತೇವದ್ದು ಎಲ್ಲಾ ಸೆನ್ಸರ್ ಹಾಕಿ, ಮ್ಯಾಲೊಂದು ಸಣ್ಣ ಸೋಲಾರ್ ಪ್ಲೇಟ್ ಇಟ್ಟು, ಫೋನಿಗೆ ಮೆಸೇಜ್ ಕಳಸೋ ಸರ್ವಿಸ್. ವರ್ಷದ ಫೀ ಒಂದು ಸಲ ಇಡೀ ಪಡಾಕ್ಕ ಔಷಧ ಹೊಡಿಯೋ ಖರ್ಚಿಗಿಂತ ಜಾಸ್ತಿ. ಎಲಿ ಹಸಿದ ಸೆನ್ಸರ್ ಮಾತ್ರ ಸುಳ್ಳಲ್ಲ, ಛಲೋ ಅದ, ಡೌನಿ (ಎಲಿ ಕಾಯಿಗೆ ಹತ್ತೋ ಬೂಷ್ಟು ರೋಗ) ಬರೋ ಟೈಮಿನ್ಯಾಗ ಸುಮ್ನ ಹೆದರಿ ಔಷಧ ಹೊಡಿಯೂದು ಕಡಿಮಿ ಆತು. ಆದ್ರ ಥಂಡಿ ವಿಷಯಕ್ಕ ಬಂದ್ರ, ‘ನಿಮ್ಮ ತೋಟದಲ್ಲಿ ಕನಿಷ್ಠ ಉಷ್ಣಾಂಶ ಕುಸಿದಿದೆ’ ಅಂತ ಮೆಸೇಜ್ ಬರೋದು ಮುಂಜಾನಿ, ಕುಸಿದು ಮುಗಿದ ಮ್ಯಾಲ. ಅದನ್ನ ಹೇಳಾಕ ನೀವ್ಯಾಕ, ನನ್ನ ಹಲ್ಲು ಕಟಕಟ ಅನ್ನೂದು ಸಾಕಲ್ಲ. ಮುಂದಿನ ವಾರದ ಫೋರ್ಕಾಸ್ಟ್ ಅಂತ ಕೊಡೂದನ್ನ ಬಿಚ್ಚಿ ನೋಡಿದ್ರ ಜಗತ್ತಿಗೆಲ್ಲ ಫ್ರೀ ಸಿಗೋ ಮಾಡೆಲ್ಲಿನ (ಕಂಪ್ಯೂಟರ್ ಹಾಕೋ ಹವಾಮಾನದ ಲೆಕ್ಕ) ನಂಬರೇ, ಮ್ಯಾಲ ನಮ್ಮ ಹೊಲದ ಸರ್ವೆ ನಂಬರ್ ಅಂಟ್ಸ್ಯಾರ ಅಷ್ಟ. ಕಂಬ ನಿಲ್ಲಿಸಿದ ಹುಡುಗ ಅದನ್ನ ಪಂಪ್‌ಹೌಸಿನ ತಗಡಿನ ಬಾಜೂಕ ನಿಲ್ಲಿಸಿ ಹೋಗಿದ್ದ, ಯಾಕಪಾ ಅಂದ್ರ ಅಲ್ಲಿ ನೆಟ್‌ವರ್ಕ್ ಛಲೋ ಸಿಗ್ತದ್ರಿ ಅಂದ. ತಗಡಿನ ಬಾಜೂಕ ಅಳದ್ರ ಪಡಾದ ಥಂಡಿ ಹೆಂಗ ಗೊತ್ತಾಗ್ತದ? ಫೋನ್ ಮಾಡಿ ಮಾಡಿ ಸರ್ಸಿದ್ರು, ಸೀಸನ್ ಅರ್ಧ ಮುಗಿದಿತ್ತು.

ಈಗ ಫ್ರೀ ಇರೋವು. ಹವಾಮಾನ ಇಲಾಖೆಯ ಮೌಸಮ್ ಆ್ಯಪ್ 2020ರಾಗ ಬಂತು, ದೊಡ್ಡ ಊರುಗಳಿಗೆ 7 ದಿನದ ಫೋರ್ಕಾಸ್ಟ್, ಜಿಲ್ಲಾವಾರು ಐದು ದಿನದ ಎಚ್ಚರಿಕಿ, ಹಸಿರು ಹಳದಿ ಕಿತ್ತಳೆ ಕೆಂಪು. ಇದನ್ನ ನೋಡೂಮುಂದ ಒಂದು ಮಾತು ತಲ್ಯಾಗ ಇಟ್ಕೋರಿ. ಬಯಲು ಸೀಮಿಯೊಳಗ ಶೀತ ಅಲೆ ಅಂತ ಅವ್ರು ಕರೀಬೇಕಂದ್ರ ಕನಿಷ್ಠ ಉಷ್ಣಾಂಶ 10 ಡಿಗ್ರಿ ಅಥವಾ ಅದಕ್ಕಿಂತ ಕೆಳಗ ಇರಬೇಕು, ಅದರ ಜೋಡಿ ಆ ದಿನದ ವಾಡಿಕಿಗಿಂತ 4.5 ಡಿಗ್ರಿಯಷ್ಟಾದ್ರೂ ಇಳದಿರಬೇಕು. 6.4ಕ್ಕಿಂತ ಜಾಸ್ತಿ ಇಳೀತಂದ್ರ ತೀವ್ರ ಶೀತ ಅಲೆ. ಇಲ್ಲಾಂದ್ರ ನೇರ 4 ಡಿಗ್ರಿಗೆ ಬರಬೇಕು, ನಮ್ಮ ಕಡೆ ಅದು ಆಗೋ ಮಾತಲ್ಲ. ಅಂದ್ರ ವಾಡಿಕಿ 15 ಇದ್ದ ದಿನ ರಾತ್ರಿ 11ಕ್ಕ ಇಳದ್ರ ಲೆಕ್ಕದಾಗ ಏನೂ ಆಗಿಲ್ಲ, ಜಿಲ್ಲಾ ಹಸಿರೇ ಇರ್ತದ, ಆದ್ರ ಅಂಥಾ ನಾಕೈದು ರಾತ್ರಿ ಒಂದರ ಹಿಂದೊಂದು ಬಂದ್ರ ಪಡಾದಾಗ ಕಾಯಿ ನಿಂತಲ್ಲೇ ನಿಲ್ತದ. ಇದು ಇಲಾಖೆದು ತಪ್ಪು ಅಂತ ನಾ ಅನ್ನಂಗಿಲ್ಲ, ಆ ಬಣ್ಣ ಮನಷ್ಯಾರಿಗೆ ಏನೂ ಅಪಾಯ ಆಗಬಾರ್ದು ಅಂತ ಮಾಡಿದ್ದು, ದ್ರಾಕ್ಷಿಗಲ್ಲ. ಬಣ್ಣ ಬಿಟ್ಟು ಕೆಳಗಿನ ನಂಬರ್ ನೋಡ್ರಿ.

ಮೇಘದೂತ ಆ್ಯಪ್ ರೈತ್ರಿಗೇ ಅಂತ ಮಾಡಿದ್ದು, ಕನ್ನಡದಾಗ ಅದ, ಮಂಗಳವಾರ ಮತ್ತ ಶುಕ್ರವಾರ ಹೊಸ ಸಲಹೆ ಬರ್ತದ. ಐದು ದಿನದ ಮಳಿ, ಉಷ್ಣಾಂಶ, ಆರ್ದ್ರತೆ, ಗಾಳಿ, ಮೋಡ, ಅದರ ಕೆಳಗ ಯಾವ ಬೆಳಿಗೆ ಏನ್ ಮಾಡಬೇಕು. ಹಿಟ್ನಳ್ಳಿ ಫಾರ್ಮಿನ ಕೃಷಿ ಸಂಶೋಧನಾ ಕೇಂದ್ರದವ್ರ ಕೈ ಇದ್ರಾಗ ಇರೋದ್ರಿಂದ ಜೋಳ, ಕಡ್ಲಿ, ತೊಗರಿ ಬಗ್ಗೆ ಹೇಳೂದು ನಮ್ಮ ಕರಿ ಮಣ್ಣಿಗೆ ಹೊಂದ್ತದ. ದ್ರಾಕ್ಷಿಯವ್ರು ಇದರ ಜೋಡಿ ಪುಣೆ ದ್ರಾಕ್ಷಿ ಸಂಶೋಧನಾ ಕೇಂದ್ರದ ಸಲಹೆನೂ ಓದಬೇಕು. ಬಿಳಿಜೋಳ ಇದ್ದವ್ರು ಏನೂ ತಲಿ ಕೆಡಿಸ್ಕೊಬ್ಯಾಡ್ರಿ, ಅವ್ರಿಗೆ ಥಂಡಿ ಇಬ್ಬನಿ ಬೇಕೇ ಬೇಕು, ಎಳ್ಳ ಅಮಾವಾಸಿಗೆ ಚರಗಾ ಚೆಲ್ಲೋ ಮುಂದ ನಡುಗಿದ್ರಷ್ಟೇ ಆ ವರ್ಷ ತೆನಿ ತುಂಬ್ತದ ಅಂತ ನಮ್ಮ ಅಜ್ಜ ಅಂತಿದ್ರು. ಒಂದೇ ಥಂಡಿ, ಬಾಜೂ ಹೊಲದವ ಖುಷಿ, ನಾ ಹೊಟ್ಟ್ಯಾಗ ಬೆಂಕಿ ಇಟ್ಕೊಂಡು ಕುಂತಿರ್ತೀನಿ.

ಇನ್ನ ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಇವ್ರು ಹೋಬಳಿಗೊಂದು ಹವಾಮಾನ ಯಂತ್ರ ಕುಂದ್ರಿಸ್ಯಾರ, ವರುಣಮಿತ್ರ ಅಂತ ಹಗಲು ರಾತ್ರಿ ನಡಿಯೋ ಸಹಾಯವಾಣಿ ಅದ, ಕನ್ನಡದಾಗ ಮಾತಾಡ್ತಾರ. ನಂಗ ಇವ್ರದ್ದು ಯಾಕ ಮುಖ್ಯ ಅಂದ್ರ, ಇದು ಮಾಡೆಲ್ ಅಲ್ಲ, ನಿನ್ನಿ ರಾತ್ರಿ ನಿಜವಾಗಿ ಅಳದಿದ್ದು. ಜಿಲ್ಲಾಕ್ಕ ಒಂದೇ ನಂಬರ್ ಅಲ್ಲ, ತಿಕೋಟಾದ್ದು ಬ್ಯಾರೆ, ಇಂಡಿದ್ದು ಬ್ಯಾರೆ, ಒಂದೇ ರಾತ್ರಿ ಹೋಬಳಿ ಹೋಬಳಿಗೆ ಫರಕ ಕಾಣ್ತದ. ಪೇಪರ್‌ನಾಗ ಒಮ್ಮೊಮ್ಮೆ ಇವ್ರ ಲೆಕ್ಕ ಒಂದು, ಹವಾಮಾನ ಇಲಾಖೆ ಲೆಕ್ಕ ಇನ್ನೊಂದು ಬಂದಾಗ ಮಂದಿ ಯಾರೋ ಸುಳ್ಳು ಹೇಳಾಕತ್ತಾರ ಅಂತ ಜಗಳಾ ತೆಗೀತಾರ, ಇಬ್ಬರ ಯಂತ್ರನೂ ಬ್ಯಾರೆ ಬ್ಯಾರೆ ಜಾಗಾದಾಗ ಇರ್ತಾವ ಅಷ್ಟ. 2024ರ ಅಕ್ಟೋಬರ್‌ನಿಂದ ಪಂಚಾಯ್ತಿ ಮಟ್ಟದ ಫೋರ್ಕಾಸ್ಟ್ ಕೇಂದ್ರ ಸರ್ಕಾರದವ್ರೂ ಕೊಡಾಕತ್ಯಾರ, ಮೇರಿ ಪಂಚಾಯತ್ ಆ್ಯಪ್‌ನಾಗ ಸಿಗ್ತದ. 2025ರ ಮೇ ತಿಂಗಳಾಗ ಭಾರತ್ ಫೋರ್ಕಾಸ್ಟ್ ಸಿಸ್ಟಮ್ ಅಂತ ಹೊಸ ಮಾಡೆಲ್ ಶುರು ಮಾಡ್ಯಾರ, ಮೊದಲಿನ 12 ಕಿಲೋಮೀಟರ್ ಚೌಕದ ಜಾಗಾಕ್ಕ 6 ಕಿಲೋಮೀಟರ್ ಚೌಕ (ಒಂದು ಚೌಕಕ್ಕ ಒಂದೇ ನಂಬರ್). ಒಳ್ಳೇದು. ಆದ್ರ 6 ಕಿಲೋಮೀಟರ್ ಅಂದ್ರೂ ಅದ್ರೊಳಗ ಒಂದು ದಿಬ್ಬ, ಒಂದು ಹಳ್ಳ, ಎರಡು ಊರು ಬರ್ತಾವ, ಇದನ್ನ ಮುಂದ ಹೇಳ್ತೀನಿ.

ನಾ ಜಾಸ್ತಿ ಹೊತ್ತು ಕಳಿಯೂದು ವಿಂಡಿ ಅನ್ನೋ ಆ್ಯಪ್ ಮ್ಯಾಲ. ಝೆಕ್ ದೇಶದವ್ರದ್ದು, ಫ್ರೀ ಇದ್ದಿದ್ದೇ ಸಾಕು. ಮನಿಯಾಗ ಎಲ್ಲಾರೂ ಕೇಳ್ತಾರ, ವಿಜಯಪುರದ ಪಡಾದವ ರಾತ್ರಿ ಊಟ ಆದ ಮ್ಯಾಲ ಕಾಶ್ಮೀರದ ನಕಾಶಿ ಯಾಕ ನೋಡ್ತಿ ಅಂತ. ನಮ್ಮ ಥಂಡಿ ಶುರು ಆಗೂದೇ ಅಲ್ಲಿಂದ, ಅದಕ್ಕ. ಭೂಮಧ್ಯ ಸಮುದ್ರದ ಕಡೆಯಿಂದ ವೆಸ್ಟರ್ನ್ ಡಿಸ್ಟರ್ಬನ್ಸ್ ಅಂತ ಒಂದೊಂದು ಮೋಡದ ದಂಡು ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನ ದಾಟಿ ಬಂದು ಕಾಶ್ಮೀರ, ಹಿಮಾಚಲ, ಉತ್ತರಾಖಂಡದಾಗ ಹಿಮ ಸುರೀತದ. ಅದು ಬರೋ ಮುಂದ ಉತ್ತರ ಭಾರತದಾಗ ರಾತ್ರಿ ಸ್ವಲ್ಪ ಬೆಚ್ಚಗೇ ಇರ್ತದ, ಯಾಕಂದ್ರ ಮೋಡ ಇರ್ತದ. ದಾಟಿ ಹೋದ ಮ್ಯಾಲ ಆಕಾಶ ತಿಳಿ ಆಗ್ತದ, ಹಿಮದ ಮ್ಯಾಲಿಂದ ಒಣ ಥಂಡಿ ಗಾಳಿ ತೆಳಗ ಇಳೀತದ, ಪಂಜಾಬ, ರಾಜಸ್ಥಾನ, ಮಧ್ಯಪ್ರದೇಶ, ಆಮ್ಯಾಲ ಮಹಾರಾಷ್ಟ್ರ. ನಾಸಿಕ್ ಕಡೆ ನಿಫಾಡದ ಉಷ್ಣಾಂಶ ದಬಕ್ಕನ ಬಿತ್ತಂದ್ರ ಅಲ್ಲಿನ ದ್ರಾಕ್ಷಿಯವ್ರು ಗ್ರೂಪ್‌ನಾಗ ಅಳಾಕ ಶುರು ಮಾಡ್ತಾರ (ಅಲ್ಲಿ ಕೆಲವು ವರ್ಷ ಎಲಿ ಮ್ಯಾಲಿನ ಇಬ್ಬನಿ ಹೆಪ್ಪುಗಟ್ಟಿದ್ದೂ ಅದ), ಬಹಳ ಸಲ ಮರದಿನ ಇಲ್ಲಾ ಅದರ ಮರದಿನ ನಮ್ಮ ಪಾಳಿ. ಕಾಶ್ಮೀರದಾಗ ಹಿಮ ನಿಂತಿದ್ದರಿಂದ ಹಿಡಿದು ನಮ್ಮ ಹೊಲಕ್ಕ ಥಂಡಿ ಮುಟ್ಟೋ ತನಕ ಸಿಗೋ ಆ ನಾಕು ದಿನ, ಅದೇ ನಂಗ ಯಾವ ಮೆಸೇಜೂ ಕೊಡದಿದ್ದ ಟೈಮ್.

ವಿಂಡಿಯೊಳಗ ನಾ ಮಾಡೂದು ಇಷ್ಟ: ಯುರೋಪಿನ ಮಾಡೆಲ್ ಇಟ್ಕೋತೀನಿ, ಅದು 9 ಕಿಲೋಮೀಟರ್ ಚೌಕದ ಲೆಕ್ಕದ್ದು. ಗಾಳಿದ ಎತ್ತರ 850 ಹೆಕ್ಟೊಪಾಸ್ಕಲ್‌ಗೆ ಇಡ್ತೀನಿ, ಅಂದ್ರ ಸುಮಾರು ಒಂದೂವರೆ ಕಿಲೋಮೀಟರ್ ಮ್ಯಾಲ. ಆಮ್ಯಾಲ ಕೆಳಗಿನ ಟೈಮ್ ಗೆರಿ ಎಳದು ಒಂದೊಂದೇ ದಿನ ಮುಂದ ಹೋಗ್ತೀನಿ. ಗಾಳಿ ಉತ್ತರದಿಂದ ಮಧ್ಯ ಭಾರತದ ಮ್ಯಾಲ ಹಾಸಿ ನಮ್ಮ ತನಕ ಬರ್ತದೇನು ಅಂತ ನೋಡೂದು. ಬಂತಂದ್ರ ಮತ್ತ ಒಂದು ನೋಡಬೇಕು, ಬಂಗಾಳ ಕೊಲ್ಲಿ. ನವೆಂಬರ್ ಡಿಸೆಂಬರ್‌ನಾಗ ಅಲ್ಲಿ ವಾಯುಭಾರ ಕುಸಿತ ಎದ್ದು ಚೆನ್ನೈ ಕಡೆ ಬಂತಂದ್ರ ಮೂಡಣ ಗಾಳಿ ತೇವಾ ಹೊತ್ಕೊಂಡು ನಮ್ಮ ತನಕ ಮೋಡ ಎಳೀತದ, ಥಂಡಿ ಹಂಗೇ ಕಳಚಿ ಬೀಳ್ತದ. ಉತ್ತರದಾಗ ಎಷ್ಟ ಹಿಮ ಬಿದ್ದಿರ್ಲಿ, ಮೋಡ ಇದ್ದ ರಾತ್ರಿ ನೆಲದ ಕಾವು ಹೊರಗ ಹೋಗಾಕ ಬಿಡಂಗಿಲ್ಲ. ಹಂಗಂತ ಮೋಡ ಬಂತು ಅಂತ ಖುಷಿ ಪಡಂಗೂ ಇಲ್ಲ, ಆಗ ಡೌನಿ ಬಾಗಲಾ ಬಡೀತದ, ಅದು ಬ್ಯಾರೆ ರಿವ್ಯೂ ಬರಿಯೋವಷ್ಟು ಅದ.

ಹಿಮದ ಫೋರ್ಕಾಸ್ಟ್ ಬಗ್ಗೆನೂ ಒಂದೀಟು ಹೇಳ್ತೀನಿ, ಚಳಿಗಾಲದಾಗ ನಮ್ಮ ಕಡೆಯಿಂದ ಹನಿಮೂನ್‌ಗೆ, ಫ್ಯಾಮಿಲಿ ಟ್ರಿಪ್‌ಗೆ ಮನಾಲಿ, ಗುಲ್ಮಾರ್ಗ ಹೋಗೋ ಮಂದಿ ಭಾಳ ಆಗ್ಯಾರ. ಫೋನ್ನಾಗ ಹಿಮದ ಚಿತ್ರ ಕಂಡ ಕೂಡ್ಲೇ ಟಿಕೆಟ್ ತೆಗೀತಾರ. ನಮ್ಮ ತಮ್ಮ ಮಿಲ್ಟ್ರಿಯೊಳಗ ಇದ್ದಾನ, ಈಗ ಕಾಶ್ಮೀರದಾಗ ಅವನ ಪೋಸ್ಟಿಂಗ್. ಅವ ಹೇಳೂದು, “ಅಣ್ಣಾ, ಚಿತ್ರ ನೋಡಬ್ಯಾಡ, ಸೊನ್ನಿ ಡಿಗ್ರಿ ಎಷ್ಟು ಎತ್ತರದಾಗ ಅದ ಅದನ್ನ ನೋಡು.” ವಿಂಡಿಯೊಳಗ ಅದಕ್ಕೊಂದು ಬ್ಯಾರೆ ಪದರೇ ಅದ, ಹೊಸಾ ಹಿಮ ಎಷ್ಟು ಬೀಳ್ತದ ಅನ್ನೋದಕ್ಕೂ ಒಂದು ಅದ. ಶ್ರೀನಗರ ಸುಮಾರು 1,585 ಮೀಟರ್ ಮ್ಯಾಲ, ಗುಲ್ಮಾರ್ಗ 2,650. ಸೊನ್ನಿ ಡಿಗ್ರಿ ಗೆರಿ ಇವೆರಡರ ನಡುವ ನಿಂತಿತ್ತಂದ್ರ ಒಂದೇ ಮೋಡ ಗುಲ್ಮಾರ್ಗದಾಗ ಹಿಮ, ಶ್ರೀನಗರದಾಗ ಬರೀ ಜಿನುಗು ಮಳಿ. ಆ ಗೆರಿ ಒಂದಿನ್ನೂರು ಮೀಟರ್ ಹಿಂದ ಮುಂದ ಆದ್ರೂ ಫೋರ್ಕಾಸ್ಟ್ ಉಲ್ಟಾ, ಅದಕ್ಕ ಹಿಮ ಹೇಳೂದು ಮಳಿ ಹೇಳೂದಕ್ಕಿಂತ ತ್ರಾಸಿನ ಕೆಲಸ. ಡಿಸೆಂಬರ್ 21ರಿಂದ 40 ದಿನ ಅಲ್ಲಿ ಚಿಲ್ಲಾಯ್ ಕಲಾನ್, ವರ್ಷದ ಕಡಕ್ ಥಂಡಿ, ಆದ್ರೂ 2024ರ ಜನವರಿಯಾಗ ಡಿಸ್ಟರ್ಬನ್ಸ್ ಸರಿಯಾಗಿ ಬರದ ಗುಲ್ಮಾರ್ಗ ಭಾಳ ದಿನ ಬರೇ ಹುಲ್ಲು ನೆಲ ಇತ್ತು, ಸ್ಕೀ ಆಡಾಕ ಹೋದವ್ರು ಕುದುರಿ ಏರಿ ವಾಪಸ್ ಬಂದ್ರು. ಥಂಡಿ ಇದ್ದ ಮಾತ್ರಕ್ಕ ಹಿಮ ಬರಂಗಿಲ್ಲ, ತೇವಾನೂ ಬೇಕು.

ಮತ್ತ ಗಾಡಿ ತಗೊಂಡು ಹೋಗೋವ್ರು ಹಿಮಕ್ಕಿಂತ ಹಿಮ ನಿಂತ ಮರದಿನದ ಮುಂಜಾನಿಗೆ ಹೆದರ್ರಿ. ಹಗಲ ಕರಗಿದ ನೀರು ರಾತ್ರಿ ರಸ್ತಾ ಮ್ಯಾಲ ಕಣ್ಣಿಗೆ ಕಾಣದಂಗ ತೆಳ್ಳಗ ಗಡ್ಡೆ ಕಟ್ಟಿರ್ತದ, ಡಾಂಬರು ಹಸಿ ಆಗಿದ್ದಂಗ ಅನಿಸ್ತದ, ಬ್ರೇಕ್ ಒತ್ತಿದ್ರ ಗಾಡಿ ಹೇಳಿದ ಮಾತು ಕೇಳಂಗಿಲ್ಲ. ಅಟಲ್ ಸುರಂಗದ ಆ ಕಡೆ ಈ ಕಡೆ ಎರಡೂ ಬಾಯಿ 3,000 ಮೀಟರ್ ಮ್ಯಾಲ ಅದಾವ, ಅಲ್ಲಿ ಆ್ಯಪ್‌ನಾಗ ಬಿಸಿಲಿನ ಚಿತ್ರ ಇದ್ರೂ ರಸ್ತಾ ಹಂಗೇ ಇರ್ತದ. ಹಿಮಕುಸಿತದ ಎಚ್ಚರಿಕಿ ಚಂಡೀಗಢದ ರಕ್ಷಣಾ ಸಂಶೋಧನಾ ಸಂಸ್ಥೆಯವ್ರು, ಡಿಜಿಆರ್‌ಇ ಅಂತ, ಬ್ಯಾರೇನೇ ಕೊಡ್ತಾರ, ಮಿಲ್ಟ್ರಿಯವ್ರು ನಂಬೂದು ಅದನ್ನ. ಟೂರಿಸ್ಟ್ ಮಂದಿ ಅದನ್ನ ಓದೂದೇ ಇಲ್ಲ.

ಇಲ್ಲಿಗೆ ವಾಪಸ್ ಬರೂಣು. ಥಂಡಿ ಬರೋ ದಿನ ಹಿಡಿಯೂದ್ರಾಗ ಈ ಎಲ್ಲಾ ಫ್ರೀ ಆ್ಯಪ್‌ಗಳೂ ಪಾಸ್. ಮೂರು ನಾಕು ದಿನ ಮೊದ್ಲೇ ಇಳಿತ ತೋರಸ್ತಾವ, ಯುರೋಪಿನ ಮಾಡೆಲ್ ಒಮ್ಮೊಮ್ಮೆ ವಾರ ಮೊದ್ಲೇ. ಫೇಲ್ ಆಗೂದು ಎಷ್ಟು ಇಳೀತದ ಅನ್ನೋದ್ರಾಗ. ಯಾಕಂದ್ರ ತಿಳಿ ಆಕಾಶ, ಗಾಳಿ ಇಲ್ಲದ ರಾತ್ರಿ, ಥಂಡಿ ಗಾಳಿ ಭಾರ ಇರ್ತದ, ಎತ್ತರದಿಂದ ಜಾರಿ ತಗ್ಗಿಗೆ ಬಂದು ನಿಲ್ತದ. ಡೋಣಿ ಹೊಳಿ ಸಾಲಿನ ತಗ್ಗಿನ ಹೊಲಾನೂ ದಿಬ್ಬದ ಮ್ಯಾಲಿನ ಹೊಲಾನೂ ಆ್ಯಪ್‌ನಾಗ ಒಂದೇ ಚೌಕದಾಗ ಬರ್ತಾವ, ಒಂದೇ ನಂಬರ್. ಮುಂಜಾನಿ ಹೋಗಿ ನಿಂತ್ರ ಚಪ್ಪಲಿ ಮ್ಯಾಲೇ ಫರಕ ಗೊತ್ತಾಗ್ತದ. ಇನ್ನೊಂದು, ಹವಾಮಾನದವ್ರು ಅಳಿಯೂದು ನೆಲದಿಂದ ಸುಮಾರು 1.2 ಮೀಟರ್ ಮ್ಯಾಲ, ನೆರಳಿನ ಬಿಳಿ ಪೆಟ್ಟಿಗ್ಯಾಗ. ಪಡಾದ ಹಂದರಕ್ಕ ಆ ನಾಕು ಫೂಟಿನ ಲೆಕ್ಕ ನಡೀತದ. ನೆಲಕ್ಕ ಹತ್ತಿದ ಕಡ್ಲಿಗೆ ನಡಿಯಂಗಿಲ್ಲ, ನೆಲದ ಹತ್ರ ಅದಕ್ಕಿಂತ ಥಂಡಿ ಇರ್ತದ.

ಅದಕ್ಕ ನಾ ಈಗ ಸಂಜೀ ಆರು ಗಂಟೆಕ್ಕ ಒಂದೇ ಒಂದು ನೋಡ್ತೀನಿ, ಡ್ಯೂ ಪಾಯಿಂಟ್. ಗಾಳಿಯೊಳಗಿನ ತೇವಾ ಇಬ್ಬನಿ ಆಗಿ ಕೂಡೋ ಉಷ್ಣಾಂಶ ಅದು. ಇಬ್ಬನಿ ಬೀಳಾಕ ಶುರು ಆದ ಮ್ಯಾಲ ಇಳಿತ ನಿಧಾನ ಆಗ್ತದ. ಸಂಜೀಕ ಡ್ಯೂ ಪಾಯಿಂಟ್ 14 ಇತ್ತಂದ್ರ ಆ ರಾತ್ರಿ ಅದರ ಆಸುಪಾಸೇ ನಿಲ್ತದ ಅಂತ ಆರಾಮ ಮಲಗ್ತೀನಿ, 6 ಇತ್ತು, ಮೋಡಿಲ್ಲ, ಗಾಳಿ ಬಿದ್ದದ ಅಂದ್ರ ಆ್ಯಪ್ 12 ಅಂತ ಬರದಿದ್ರೂ ನಂಬಂಗಿಲ್ಲ, ಡ್ರಿಪ್ ಚಾಲೂ. ಇದು ಪಕ್ಕಾ ಲೆಕ್ಕ ಅಲ್ಲ, ಅಂದಾಜು, ರಾತ್ರಿ ನಡುವ ಗಾಳಿ ತಿರಗಿತಂದ್ರ ಕೆಡ್ತದ. ಆದ್ರ ದುಡ್ಡು ಕೊಟ್ಟ ಮೆಸೇಜಿಗಿಂತ ನೂರು ಪಾಲು ಛಲೋ. ಮತ್ತ ಕೆಲವು ಆ್ಯಪ್‌ನಾಗ ‘ಅನುಭವಕ್ಕೆ ಬರುವ ಉಷ್ಣಾಂಶ’ ಅಂತ ಇನ್ನೂ ಕಡಿಮಿ ನಂಬರ್ ತೋರ್ಸಿ ಹೆದರಸ್ತಾವ, ಅದು ಗಾಳಿ ಬೀಸಿದಾಗ ನಮ್ಮ ಚರ್ಮಕ್ಕ ಅನಿಸೋದು, ಬಳ್ಳಿಗೆ ಅದೇನೂ ಸಂಬಂಧ ಇಲ್ಲ. ನಿಜ ಹೇಳಬೇಕಂದ್ರ ಗಾಳಿ ಬೀಸೋ ರಾತ್ರಿ ಪಡಾಕ್ಕ ಒಳ್ಳೇದು, ಮ್ಯಾಲಿನ ಬೆಚ್ಚಗಿನ ಗಾಳಿ ಕೆಳಗಿನ ಥಂಡಿ ಗಾಳಿ ಕೂಡಿ ಕಲಸ್ತದ.

ಅಕ್ಟೋಬರ್ ಬಂತಂದ್ರ ಯೂಟ್ಯೂಬ್‌ನಾಗ ‘ಈ ವರ್ಷ ಲಾ ನಿನಾ, ಭಯಂಕರ ಚಳಿ’ ಅಂತ ಕೆಂಪು ಅಕ್ಷರದ ವಿಡಿಯೋ ಬರ್ತಾವಲ್ಲ, ಅವಕ್ಕ ಸೊನ್ನಿ ಸ್ಟಾರ್. ಲಾ ನಿನಾ (ಪೆಸಿಫಿಕ್ ಸಮುದ್ರದ ನೀರು ವಾಡಿಕಿಗಿಂತ ಥಂಡಿ ಆಗೂದು) ಇದ್ದಾಗ ಚಳಿಗಾಲ ಥಂಡಿ ಕಡೆ ವಾಲ್ತದ ಅನ್ನೂದು ಖರೇ, ಹವಾಮಾನ ಇಲಾಖೆನೂ ಡಿಸೆಂಬರ್‌ನಿಂದ ಫೆಬ್ರುವರಿ ತನಕದ ಮುನ್ನೋಟ ಕೊಡ್ತದ, ಆದ್ರ ಅದು ಇಡೀ ಸೀಸನ್ನಿನ ಸರಾಸರಿ ಮಾತು. ನಮಗ ಕಾಯಿ ಕೆಡಿಸೂದು ಸರಾಸರಿ ಅಲ್ಲ, ಯಾವುದೋ ನಾಕು ರಾತ್ರಿ.

ಸ್ಟಾರ್ ಹಾಕ್ಲೇಬೇಕಂದ್ರ: ವಿಂಡಿಗೆ ನಾಕೂವರೆ, ಆದ್ರ ಕಲಿಯಾಕ ಒಂದು ಸೀಸನ್ ಬೇಕು, ಕನ್ನಡದಾಗ ಯಾರಾದ್ರೂ ಕುಂದ್ರಿಸ್ಕೊಂಡು ತೋರಸಬೇಕು. ಮೇಘದೂತಕ್ಕ ನಾಕು, ಓದಿದ ಕೂಡ್ಲೇ ಏನ್ ಮಾಡಬೇಕು ಅಂತ ಗೊತ್ತಾಗ್ತದ, ಹೊಸಬ್ರು ಇದ್ರಿಂದ್ಲೇ ಶುರು ಮಾಡ್ರಿ. ಹೋಬಳಿ ಯಂತ್ರದ ಲೆಕ್ಕಕ್ಕ ನಾಕು. ಮೌಸಮ್‌ಗೆ ಮೂರೂವರೆ. ದುಡ್ಡಿನ ಸರ್ವಿಸ್‌ಗೆ ಎರಡು, ಅದೂ ಎಲಿ ಸೆನ್ಸರ್ ಸಲುವಾಗಿ. ಈ ವರ್ಷ ರಿನ್ಯೂ ಮಾಡಂಗಿಲ್ಲ ಅಂತ ಹೇಳೀನಿ, ಡಿಸ್ಕೌಂಟ್ ಕೊಡ್ತೀವ್ರಿ ಸರ್ ಅಂತ ದಿನಾ ಫೋನ್ ಬರಾಕತ್ತದ. ಡಿಸ್ಕೌಂಟ್ ಬ್ಯಾಡಪಾ, ತಗ್ಗಿನ ಹೊಲಕ್ಕ ಬ್ಯಾರೆ ನಂಬರ್ ಕೊಡ್ರಿ, ಅದೂ ಹಿಂದಿನ ದಿನ ಸಂಜೀಕ, ಆಗ ಫುಲ್ ರೇಟ್ ಕೊಡ್ತೀನಿ ಅಂದೆ. ಮ್ಯಾನೇಜರ್‌ಗೆ ಕೇಳಿ ಹೇಳ್ತೀನ್ರಿ ಅಂದಾನ. ಅಲ್ಲಿ ತನಕ ಅಂಗಡ್ಯಾಗ ಸಿಗೋ ಕನಿಷ್ಠ ಗರಿಷ್ಠ ಎರಡೂ ಹಿಡಿಯೋ ಥರ್ಮಾಮೀಟರ್ ಒಂದು ತಗ್ಗಿನ್ಯಾಗ, ಒಂದು ದಿಬ್ಬದ ಮ್ಯಾಲ, ನಾಕು ಫೂಟ್ ಎತ್ತರಕ್ಕ, ಬಿಸಲು ಬೀಳದಂಗ ಕಟ್ಟೀನಿ. ಆ್ಯಪ್ ಹೇಳಿದ್ದಕ್ಕೂ ನನ್ನ ತಗ್ಗಿಗೂ ಎಷ್ಟು ಫರಕ ಬರ್ತದ ಅಂತ ದಿನಾ ಪುಸ್ತಕದಾಗ ಬರ್ಕೊಳ್ಳಾಕತ್ತೀನಿ, ತಿಕೋಟಾ ಬಾಬಾನಗರ ಕಡೆ ಯಾರಾದ್ರೂ ಹಿಂಗ ಬರೀತಿದ್ರ ಕೆಳಗ ಹಾಕ್ರಿ, ಕೂಡ್ಸಿ ನೋಡೂಣು.